ಯಾರ ಕೈ ಎಲ್ಲಿದೆ?

“ಕೈ ತೆಗೀರಿ! ರೀ... ಕೈ ತೆಗೀರಿ ಅಂದೆ!”

ಅವಳ ಕೂಗು ಹಬೆಯಲ್ಲಿ ಕರಗಿಹೋಯಿತು. ಯಾರೂ ತಿರುಗಿ ನೋಡಲಿಲ್ಲ.

ಮೂರನೇ ಇಸ್ತ್ರಿ ರೋಲರಿನ ಹಿಂದೆ ಒಬ್ಬ ಗಂಡಸು ಮಂಡಿಯೂರಿ ಕುಳಿತಿದ್ದ. ಅವನ ಬಲಗೈ ಮೊಣಕೈವರೆಗೂ ಎರಡು ಉರುಳೆಗಳ ನಡುವೆ ಹೊಕ್ಕಿತ್ತು. ಆಸ್ಪತ್ರೆಯ ಒದ್ದೆ ಬೆಡ್‌ಶೀಟು ಒಂದು ಕಡೆಯಿಂದ ಒಳಗೆ ಹೋಗಿ, ಇನ್ನೊಂದು ಕಡೆ ಗರಿಗರಿಯಾಗಿ ಹೊರಬರುವ ಉರುಳೆಗಳು ಅವು. ಬಟ್ಟೆ ಯಾವುದು, ಬೆರಳು ಯಾವುದು ಎಂದು ಅವಕ್ಕೆ ತಿಳಿಯದು.

ಅವಳು ಯೋಚಿಸಲಿಲ್ಲ. ಗೋಡೆಯ ಮೇಲಿದ್ದ ಕೆಂಪು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿಬಿಟ್ಟಳು.

ಇಡೀ ಲಾಂಡ್ರಿ ಗಕ್ಕನೆ ನಿಂತಿತು. ಒಗೆಯುವ ಯಂತ್ರಗಳು ನರಳಿ ಸುಮ್ಮನಾದವು. ಬಿಸಿಗಾಳಿಯ ಸದ್ದು ನಿಂತಿತು. ಆ ಮೌನದಲ್ಲಿ ಎಲ್ಲಿಂದಲೋ ನೀರು ತೊಟ್ಟಿಕ್ಕುವುದು ಮಾತ್ರ ಕೇಳಿಸಿತು.

ಅವನು ನಿಧಾನವಾಗಿ ಕೈ ಹೊರಗೆಳೆದ. ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಅಂಗಿಯ ಜೇಬಿನಿಂದ ಒಂದು ಫ್ಯೂಸು ತೆಗೆದು ಅವಳ ಮುಖದೆದುರು ಹಿಡಿದ.

“ಇದು ನನ್ನ ಜೇಬಲ್ಲಿರೋವರೆಗೆ ಈ ಮಿಷನ್ನು ಅಲ್ಲಾಡಲ್ಲ ಮೇಡಂ. ಅಂದಹಾಗೆ... ತಾವು ಯಾರು?”

“ಸೇಫ್ಟಿ... ಸೇಫ್ಟಿ ಆಫೀಸರ್. ಇವತ್ತಿಂದ.”

“ಓಹೋ! ಬಂದ ದಿನವೇ ಎಲ್ಲಾ ಮಿಷನ್ನೂ ಸೇಫಾಗಿ ನಿಲ್ಲಿಸಿಬಿಟ್ರಲ್ಲ!”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅವಳ ಕಿವಿ ಬಿಸಿಯಾಯಿತು. ಆದರೂ ಹಿಂದೆ ಸರಿಯಲಿಲ್ಲ.

“ಫ್ಯೂಸು ನಿಮ್ಮ ಜೇಬಲ್ಲಿದೆ ಅಂತ ಯಾರಿಗೆ ಗೊತ್ತಿತ್ತು?”

“ನನಗೆ.”

“ಬೇರೆ ಯಾರಿಗೆ?”

“ಕೈ ನಂದು. ನನಗೆ ಗೊತ್ತಿದ್ರೆ ಸಾಕು.”

“ಕೈ ನಿಮ್ದು. ಸ್ವಿಚ್ಚು ಎಲ್ಲರದು! ಫ್ಯೂಸು ಹೋಗಿದೆ ಅಂದ್ಕೊಂಡು ಯಾರಾದ್ರೂ ಹೊಸದು ಹಾಕಿದ್ರೆ ಏನು ಮಾಡ್ತಿದ್ರಿ?”

ಅವನು ಅವಳನ್ನು ಒಮ್ಮೆ ನೋಡಿದ. ಅವಳ ಕೈಗಳು ಇನ್ನೂ ಕೆಂಪು ಹಗ್ಗವನ್ನು ಬಿಟ್ಟಿರಲಿಲ್ಲ. ಅದನ್ನು ಕಂಡು ಅವನೇ ಕಣ್ಣು ಕೆಳಗೆ ಹಾಕಿದ.

ರೋಲರಿಗೆ ಬಟ್ಟೆ ಕೊಡುವ ಹಿರಿಯ ಹೆಂಗಸು, ಎಲ್ಲರ ಬಾಯಲ್ಲೂ ‘ದೊಡ್ಡಕ್ಕ’, ಸೊಂಟದ ಮೇಲೆ ಕೈಯಿಟ್ಟು ನಿಟ್ಟುಸಿರುಬಿಟ್ಟಳು.

“ಮುಗೀತು ಬಿಡಿ! ಮನೇಲಿ ಅತ್ತೆ ಕಾಟ ಅಂತ ಇಲ್ಲಿಗೆ ಬರ್ತಿದ್ದೆ. ಇನ್ನು ಎಲ್ಲಿಗೆ ಹೋಗ್ಲಿ?”

ಸಂಜೆಯಾಗುವ ಮೊದಲೇ ಅವಳಿಗೊಂದು ಹೆಸರು ಬಿದ್ದಿತ್ತು. ಕೈ ಮೇಡಂ!

*

ಕೈ ಮೇಡಂಗೆ ಲಾಂಡ್ರಿಯ ಮೂಲೆಯಲ್ಲೊಂದು ಗಾಜಿನ ಕೋಣೆ ಕೊಟ್ಟಿದ್ದರು. ಅಲ್ಲಿಂದ ಎಲ್ಲರೂ ಕಾಣುತ್ತಿದ್ದರು. ಯಂತ್ರಗಳ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಹೆಂಗಸರು ಗುಂಪಾಗಿ ಕುಳಿತು ಡಬ್ಬಿ ಬಿಚ್ಚಿ ನಗುತ್ತಿದ್ದರು. ಅವಳು ಹತ್ತಿರ ಹೋದರೆ ನಗು ನಿಲ್ಲುತ್ತಿತ್ತು, ಎಲ್ಲರೂ ತಲೆಯ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಹಾಗಾಗಿ ಅವಳು ಹೋಗುವುದನ್ನೇ ಬಿಟ್ಟಳು.

‘ನಾನು ಹೇಳೋದರಲ್ಲೇ ತಪ್ಪಿದೆಯೇನೋ... ಹೇಳೋ ರೀತಿ ಗೊತ್ತಿಲ್ಲವೇನೋ...’

ಹಗಲು ದುಡಿದು ಸಂಜೆ ತರಗತಿಯಲ್ಲಿ ಓದಿ ಪಾಸಾದವಳು. ಯಾವ ಮಾತನ್ನೂ ಮನಸ್ಸಿನಲ್ಲಿ ಹತ್ತು ಸಲ ತಿದ್ದಿಯೇ ಆಡುವವಳು. ಕೈ ಎಂದರೆ ಮಾತ್ರ ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಅದಕ್ಕೆ ಕಾರಣ ಅಪ್ಪ. ತಗಡು ಒತ್ತುವ ಪ್ರೆಸ್ಸಿನಲ್ಲಿ ಅಪ್ಪನ ಎಡಗೈಯ ಬೆರಳುಗಳು ಹೋದಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಆಮೇಲೆ ಅಪ್ಪ ಆ ಕೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ರಸ್ತೆ ದಾಟುವಾಗ ಅವಳು ಎಡಗಡೆ ನಿಂತರೆ, ಸುತ್ತಿ ಬಂದು ಬಲಗೈ ಕೊಡುತ್ತಿದ್ದರು. ಮನೆಯಲ್ಲಿ ಯಾರೂ ಆ ಕೈಯ ಮಾತೆತ್ತುತ್ತಿರಲಿಲ್ಲ. ಕೊನೆಗೆ ಅಪ್ಪ ಹಾಗೆಯೇ ಹೋಗಿಬಿಟ್ಟರು. ಗೋಡೆಯ ಮೇಲಿನ ಫೋಟೋದಲ್ಲೂ ಎಡಗೈ ಜೇಬಿನಲ್ಲೇ ಇದೆ.

ಈಗ ಅಮ್ಮ ಬೇರೆ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಇವಳದು ಒಂದು ಬಾಡಿಗೆ ಕೋಣೆ, ಒಂದು ತಟ್ಟೆ, ಒಂದು ಲೋಟ. ಫೋನ್ ಮಾಡಿದರೆ ಅಮ್ಮ, “ಊಟ ಆಯ್ತೇನೇ? ಸರಿ, ಮಗು ಅಳ್ತಿದೆ, ಇಡ್ಲಾ?” ಎನ್ನುತ್ತಾರೆ. ಇವಳು “ಇಡಮ್ಮಾ” ಎನ್ನುತ್ತಾಳೆ.

ಅಷ್ಟೇ ದಿನದ ಮಾತು.

*

ಅವಳು ಸೋಲಲಿಲ್ಲ. ಮೂರನೇ ರೋಲರಿನ ಸ್ವಿಚ್ಚಿನ ಪಕ್ಕದಲ್ಲಿ ಒಂದು ಕೊಕ್ಕೆ ಹೊಡೆಸಿದಳು.

“ಫ್ಯೂಸು ಇನ್ಮೇಲೆ ನಿಮ್ಮ ಜೇಬಲ್ಲಲ್ಲ, ಇಲ್ಲಿರಬೇಕು. ಕೊಕ್ಕೇಲಿ ಫ್ಯೂಸು ಕಂಡ್ರೆ ಒಳಗೆ ಯಾರದೋ ಕೈ ಇದೆ ಅಂತ ಎಲ್ಲರಿಗೂ ತಿಳೀಬೇಕು,” ಎಂದು ಯಂತ್ರ ರಿಪೇರಿಯ ಆ ಫಿಟ್ಟರನಿಗೆ ಹೇಳಿದಳು.

ಅವನು ಗೊಣಗಿದ. ಆದರೆ ತೂಗುಹಾಕಿದ.

ಇನ್ನೊಂದು ಪದ್ಧತಿಯನ್ನೂ ತಂದಳು. ಯಂತ್ರ ಶುರುವಾಗುವ ಮೊದಲು ಅವಳು ಗಟ್ಟಿಯಾಗಿ ಕೇಳಬೇಕು, “ಯಾರ ಕೈ ಎಲ್ಲಿದೆ?” ಒಬ್ಬೊಬ್ಬರೂ ಉತ್ತರ ಕೊಡಬೇಕು, “ನನ್ನ ಕೈ ಹೊರಗೆ!” ಎಲ್ಲರ ಉತ್ತರ ಬಂದ ಮೇಲೆಯೇ ಅವಳು ಕೊಕ್ಕೆಯ ಫ್ಯೂಸು ತೆಗೆದು ಸ್ವಿಚ್ಚು ಹಾಕುವವರಿಗೆ ಕೊಡುವುದು.

ಮೊದಮೊದಲು ನಗೆಯೋ ನಗೆ!

“ಯಾರ ಕೈ ಎಲ್ಲಿದೆ?”

“ನನ್ನ ಕೈ ಸೊಂಟದ ಮೇಲೆ!” ದೊಡ್ಡಕ್ಕ.

“ದೊಡ್ಡಕ್ಕಾ...”

“ಆಯ್ತು ತಾಯಿ, ಹೊರಗೆ! ಹೊರಗೆ!”

ಎಲ್ಲರ ನಂತರ, ಯಂತ್ರದ ಹಿಂದಿನಿಂದ ಒಂದು ದಪ್ಪ, ಒರಟು ಧ್ವನಿ ಬರುತ್ತಿತ್ತು.

“ಫಿಟ್ಟರ್ ಕೈ ಹೊರಗೆ.”

ಅದರಲ್ಲಿ ಮೊದಲು ಬೇಸರವಿತ್ತು. ಬರುಬರುತ್ತಾ ಬೇಸರ ಹೋಯಿತು. ಅದೇ ಮೂರು ಮಾತು... ಆದರೆ ಅವಳಿಗೇ ಹೇಳಿದಂತೆ! ಬೆಳಿಗ್ಗೆ ಎದ್ದ ಕೂಡಲೇ ಆ ಧ್ವನಿಗೆ ತನ್ನ ಕಿವಿ ಕಾಯತೊಡಗಿದ್ದು ಅವಳಿಗೆ ಗೊತ್ತಾಯಿತು. ಗೊತ್ತಾಗಿ ಹೆದರಿಕೆಯೂ ಆಯಿತು.

ಒಂದು ಮಧ್ಯಾಹ್ನ ಅವನು ಅವಳ ಕೋಣೆಯ ಫ್ಯಾನು ರಿಪೇರಿ ಮಾಡಲು ಬಂದ. ಸ್ಟೂಲು ಹತ್ತುವ ಮೊದಲು ಅವಳತ್ತ ತಿರುಗಿ ಗಂಭೀರವಾಗಿ ಹೇಳಿದ.

“ಫಿಟ್ಟರ್ ಕೈ ಹೊರಗೆ. ಕಾಲು ಸ್ಟೂಲಿನ ಮೇಲೆ. ಹತ್ತಬಹುದಾ ಮೇಡಂ?”

ಅವಳಿಗೆ ನಗು ಬಂತು. ಆ ಗಾಜಿನ ಕೋಣೆಯಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ತಿರುಪು ಬಿಗಿಯುತ್ತಾ, ಮೇಲಿನಿಂದಲೇ ಅವನು ಕೇಳಿದ. “ಇಲ್ಲಿ ಎಲ್ಲರನ್ನೂ ಕೇಳ್ತೀರಾ, ಕೈ ಎಲ್ಲಿ, ಕೈ ಎಲ್ಲಿ ಅಂತ. ಮನೆಗೆ ಹೋದ್ಮೇಲೆ ಯಾರನ್ನ ಕೇಳ್ತೀರಾ?”

ಅವಳು ಮೇಜಿನ ಮೇಲಿದ್ದ ಪೆನ್ನನ್ನು ಸುಮ್ಮನೆ ಇತ್ತಿಂದತ್ತ ಇಟ್ಟಳು.

ಅವನು ಇನ್ನೊಂದು ತಿರುಪು ಬಿಗಿದು ಹೇಳಿದ. “ನನ್ನನ್ನೂ ಯಾರೂ ಕೇಳಲ್ಲ, ಬಿಡಿ. ಬೀಗ ತೆಗೀತೀನಿ, ಲೈಟ್ ಹಾಕ್ತೀನಿ. ಅಷ್ಟೇ.”

ಫ್ಯಾನು ತಿರುಗಿತು. ಅವನು ಹೋದ ಮೇಲೂ ಅವಳು ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದಳು.

*

ಅಲ್ಲಿ ಎಲ್ಲರಿಗೂ ಒಂದೇ ಅಳತೆಯ ಕೈಗವಸು ಕೊಡುತ್ತಿದ್ದರು. ದೊಡ್ಡಕ್ಕನ ಪುಟ್ಟ ಕೈ ಅದರೊಳಗೆ ಈಜುತ್ತಿತ್ತು, ಫಿಟ್ಟರನ ಕೈಗೆ ಅದು ಹಿಡಿಯುತ್ತಲೇ ಇರಲಿಲ್ಲ. ಕೈ ಮೇಡಂ ಒಬ್ಬೊಬ್ಬರ ಅಂಗೈಯನ್ನೂ ಟೇಪಿನಲ್ಲಿ ಅಳೆದಳು. ಫಿಟ್ಟರನ ಕೈ ಅಳೆಯುವಾಗ ಟೇಪು ಎರಡು ಸಲ ಜಾರಿತು.

“ಏನಾಯ್ತು ಮೇಡಂ?” ಎಂದ.

“ಏನಿಲ್ಲ... ಟೇಪು ಹಳೇದು.”

ಅಂದೇ ಅವಳು ಇನ್ನೊಂದನ್ನು ಗಮನಿಸಿದಳು. ಕರೆದರೆ ಅವನು ಯಾವಾಗಲೂ ಎಡಗಿವಿ ತಿರುಗಿಸುತ್ತಿದ್ದ. ವರ್ಷಗಟ್ಟಲೆ ಬಿಸಿಗಾಳಿ ಯಂತ್ರದ ಬಳಿ ಕುಳಿತು ಬಲಗಿವಿ ಮಂದವಾಗುತ್ತಿತ್ತು.

ಮ್ಯಾನೇಜರ ಬಳಿ ಜಗಳವನ್ನೇ ಆಡಿ, ಅವಳು ಸರಿಯಾದ ಅಳತೆಯ ಕೈಗವಸುಗಳನ್ನೂ ಕಿವಿ ಮುಚ್ಚುವ ಒಳ್ಳೆಯ ಕಿವಿಗವಸನ್ನೂ ತರಿಸಿದಳು.

“ಇದನ್ನ ಹಾಕ್ಕೊಂಡ್ರೆ ನಿಮ್ಮ ಕೂಗು ಕೇಳಿಸಲ್ವಲ್ಲ ಮೇಡಂ?” ಎಂದು ಫಿಟ್ಟರ್ ಕೇಳಿದ.

“ನಾನು ಇನ್ನೂ ಗಟ್ಟಿಯಾಗಿ ಕೂಗ್ತೀನಿ,” ಎಂದಳು ಅವಳು.

ಅಯ್ಯೋ... ಎಷ್ಟು ಸುಲಭವಾಗಿ ಹೇಳಿಬಿಟ್ಟಳು!

*

ಆ ದಿನ ಮೂರನೇ ರೋಲರನ್ನು ತಿರುಗಿಸುವ ಪಟ್ಟಿ ಸರಿದು ಯಂತ್ರ ನಿಂತಿತ್ತು. ಆಸ್ಪತ್ರೆಯಿಂದ ಬಂದ ವ್ಯಾನು ಹೊರಗೆ ಹಾರನ್ ಹೊಡೆಯುತ್ತಿತ್ತು. ಫ್ಯೂಸು ಕೊಕ್ಕೆಯಲ್ಲಿ ತೂಗುತ್ತಿತ್ತು. ಫಿಟ್ಟರ್ ಪಟ್ಟಿ ಕೂರಿಸಿ, ಎದ್ದು ಉಪಕರಣಗಳ ಕೋಣೆಯತ್ತ ಹೋದದ್ದನ್ನು ಎಲ್ಲರೂ ನೋಡಿದರು. ಕಿವಿಗವಸು ಹಾಕಿಕೊಂಡು ಹಿಂಬಾಗಿಲಿನಿಂದ ಅವನು ಮರಳಿ ಬಂದು ಕುಳಿತದ್ದನ್ನು ಯಾರೂ ನೋಡಲಿಲ್ಲ.

ಮ್ಯಾನೇಜರ್ ಅವಳ ಬೆನ್ನ ಹಿಂದೆಯೇ ನಿಂತಿದ್ದರು.

“ಏನಮ್ಮಾ, ಆಯ್ತಾ ನಿನ್ನ ಹಾಜರಿ? ಅಲ್ಲಿ ಆಪರೇಷನ್ನಿಗೆ ಬಟ್ಟೆ ಇಲ್ಲ ಅಂತ ಬೈತಿದ್ದಾರೆ.”

“ಯಾರ ಕೈ ಎಲ್ಲಿದೆ?” ಅವಳು ಕೂಗಿದಳು.

“ನನ್ನ ಕೈ ಹೊರಗೆ!”

“ನನ್ನ ಕೈ ಹೊರಗೆ!”

ಆಮೇಲೆ... ಮೌನ. ಆ ಒರಟು ಧ್ವನಿ ಬರಲಿಲ್ಲ.

ಇತ್ತೀಚೆಗೆ ಒಂದು ಅಭ್ಯಾಸ ಬೆಳೆದಿತ್ತು. ಯಾರಾದರೂ ಆಚೆ ಹೋಗಿದ್ದರೆ ಪಕ್ಕದವರೇ ಅವರ ಪರವಾಗಿ ಕೂಗಿಬಿಡುತ್ತಿದ್ದರು. ಕೆಲಸ ಬೇಗ ಸಾಗಲಿ ಎಂದು.

“ಫಿಟ್ಟರ್ ಕೈ ಹೊರಗೆ! ಅವನು ಆಗಲೇ ಹೋದ, ನಾನೇ ನೋಡ್ದೆ!” ಎಂದು ದೊಡ್ಡಕ್ಕ ಕೂಗಿದಳು.

ಅವಳಿಗೆ ಕೇಳಿಸಿತು. ಅದು ಅವನ ಧ್ವನಿಯಲ್ಲ. ‘ಹೋಗಿ ನೋಡಲಾ?’

“ಅಮ್ಮಾ...!” ಮ್ಯಾನೇಜರ್ ಗದರಿದರು.

ಅವಳ ಕೈ ಕೊಕ್ಕೆಯತ್ತ ಹೋಯಿತು. ಫ್ಯೂಸು ತೆಗೆದಳು. ಕೊಟ್ಟಳು.

ರೋಲರ್ ಉರುಳಿತು.

ಯಂತ್ರದ ಹಿಂದಿನಿಂದ ಬಂದ ಕೂಗು ಇಡೀ ಲಾಂಡ್ರಿಗೆ ಕೇಳಿಸಿತು.

ಕೆಂಪು ಹಗ್ಗವನ್ನು ಈ ಸಲವೂ ಅವಳೇ ಜಗ್ಗಿದಳು. ಆದರೆ ಈ ಸಲ... ತಡವಾಗಿತ್ತು.

*

ಬಲಗೈಯ ಎರಡು ಬೆರಳುಗಳ ತುದಿ ಹೋಗಿದ್ದವು. “ಗ್ಲೌಸ್ ಸರಿಯಾಗಿ ಕೂತಿತ್ತು, ಇಲ್ಲಾಂದ್ರೆ ಅಂಗೈ ಪೂರ್ತಿ ಸುಟ್ಟುಹೋಗ್ತಿತ್ತು,” ಎಂದರಂತೆ ಡಾಕ್ಟರು. ದೊಡ್ಡಕ್ಕ ಬಂದು ಹೇಳಿದಳು. ಕೈ ಮೇಡಂಗೆ ಅದು ಸಮಾಧಾನವೆನಿಸಲಿಲ್ಲ.

‘ಗ್ಲೌಸ್ ನಾನು ಕೊಟ್ಟಿದ್ದು. ಕಿವಿಗವಸೂ ನಾನು ಕೊಟ್ಟಿದ್ದೇ. ಫ್ಯೂಸು ಅವರ ಜೇಬಲ್ಲಿದ್ದಿದ್ರೆ... ಅವತ್ತಿನ ಹಾಗೆ ಜೇಬಲ್ಲೇ ಇದ್ದಿದ್ರೆ...’

ಮರುದಿನ ಆಸ್ಪತ್ರೆಗೆ ಹೋದಳು. ವಾರ್ಡಿನ ಬಾಗಿಲಲ್ಲಿ ಕಾಲು ನಿಂತಿತು. ಒಳಗೆ ಅವನು ಮಲಗಿದ್ದ. ಅವನ ಕೆಳಗೆ ಹಾಸಿದ್ದ ಬೆಡ್‌ಶೀಟಿನ ಅಂಚಿನಲ್ಲಿ ನೀಲಿ ಹೊಲಿಗೆ. ಅವರದೇ ಲಾಂಡ್ರಿಯ ಗುರುತು. ಅದೇ ಮೂರನೇ ರೋಲರಿನಿಂದ ಹೊರಬಂದದ್ದಿರಬಹುದು.

ಬೇರೆ ಮಂಚಗಳ ಪಕ್ಕದಲ್ಲಿ ಯಾರಾದರೂ ಇದ್ದರು. ಒಬ್ಬಳು ಗಂಡನಿಗೆ ಹಣ್ಣು ಬಿಡಿಸಿಕೊಡುತ್ತಿದ್ದಳು. ಅವನ ಮಂಚದ ಪಕ್ಕದ ಸ್ಟೂಲು ಖಾಲಿ.

ಎರಡು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಆದರೆ ಯಾವ ಮುಖ ಇಟ್ಟುಕೊಂಡು ಆ ಸ್ಟೂಲಿನ ಮೇಲೆ ಕೂರಲಿ? ಬಾಯಿಗೆ ಸೆರಗು ಒತ್ತಿಕೊಂಡು ತಿರುಗಿ ನಡೆದುಬಿಟ್ಟಳು.

ಅವನು ಕಣ್ಣು ತೆರೆದದ್ದು ಆಗಲೇ. ಬಾಗಿಲಲ್ಲಿ ದೂರವಾಗುತ್ತಿದ್ದ ಅವಳ ಬೆನ್ನು ಕಂಡಿತು. ಬ್ಯಾಂಡೇಜು ಸುತ್ತಿದ ಕೈಯನ್ನು ಅವನು ಮೆಲ್ಲಗೆ ಹೊದಿಕೆಯ ಒಳಗೆ ಎಳೆದುಕೊಂಡ.

*

“ಮಾಲೀಕರು ಕೇಳಿದ್ರೆ ಅವನದೇ ಅಜಾಗರೂಕತೆ ಅಂತ ಹೇಳಿಬಿಡು,” ಎಂದರು ಮ್ಯಾನೇಜರ್. “ಕಿವಿ ಮುಚ್ಕೊಂಡು ಕೂತಿದ್ದ, ಉತ್ತರ ಕೊಡಲಿಲ್ಲ. ಮುಗೀತು. ನಿನಗೂ ತೊಂದರೆ ಇಲ್ಲ, ನನಗೂ ಇಲ್ಲ.”

“ಅವರಿಗೆ ಸರ್?”

“ಬೇರೆ ಕಡೆ ಎಲ್ಲಾದ್ರೂ ಕೆಲಸ ನೋಡ್ಕೋತಾನೆ.”

ಬೆರಳು ಹೋದ ಫಿಟ್ಟರನಿಗೆ, ಅವನದೇ ತಪ್ಪು ಎಂಬ ಮಾತೂ ಅಂಟಿಕೊಂಡರೆ, ಯಾರು ಕೆಲಸ ಕೊಡುತ್ತಾರೆ? ಅಪ್ಪನಿಗೆ ಯಾರೂ ಕೊಟ್ಟಿರಲಿಲ್ಲ.

ಅವಳು ನೇರವಾಗಿ ಗಾಜಿನ ಕೋಣೆಗೆ ಬಂದಳು. ಕೆಲಸ ಇನ್ನೂ ಶುರುವಾಗಿರಲಿಲ್ಲ. ಮೇಜಿನ ಮೇಲಿದ್ದ, ಇಡೀ ಲಾಂಡ್ರಿಗೆ ಕೇಳಿಸುವ ಮೈಕಿನ ಗುಂಡಿ ಒತ್ತಿದಳು. ಈ ಕೆಲಸ ಹೋದರೆ ಅವಳಿಗೂ ಬೇರೆ ಗತಿಯಿರಲಿಲ್ಲ.

“ಎಲ್ಲರೂ... ದಯವಿಟ್ಟು ಕೇಳಿ. ಫಿಟ್ಟರ್ ತಪ್ಪು ಮಾಡಲಿಲ್ಲ. ಫ್ಯೂಸು ಕೊಕ್ಕೇಲಿ ಹಾಕಿದ್ರು. ಕಿವಿಗೆ ಹಾಕ್ಕೊಳ್ಳಿ ಅಂದಿದ್ದನ್ನ ಹಾಕ್ಕೊಂಡಿದ್ರು. ಕಿವಿ ಮುಚ್ಚಿದವರಿಗೆ ನನ್ನ ಕೂಗು ಹೇಗೆ ಮುಟ್ಟುತ್ತೆ ಅಂತ ನಾನು ಯೋಚಿಸ್ಲಿಲ್ಲ. ಫ್ಯೂಸು ತೆಗೆದುಕೊಟ್ಟಿದ್ದು ನಾನು.”

ಯಾರೋ ಬಿಕ್ಕಿದರು. ದೊಡ್ಡಕ್ಕ!

“ನಾನಲ್ವಾ ಮೇಡಂ ಅವನ ಪರವಾಗಿ ಕೂಗಿದ್ದು? ನನ್ನ ಬಾಯಿಗೆ ಬೆಂಕಿ ಹಾಕ...” ಅವಳು ಗಾಜಿನ ಹತ್ತಿರ ಬಂದು ಅಳುತ್ತಿದ್ದಳು.

“ನೀವು ಕೂಗಿದ್ರಿ ದೊಡ್ಡಕ್ಕ. ಆದ್ರೆ ಅದು ಅವರ ಧ್ವನಿ ಅಲ್ಲ ಅಂತ ನನಗೆ ಗೊತ್ತಿತ್ತು! ದಿನಾ ಬೆಳಿಗ್ಗೆ ಎದ್ದಾಗಿಂದ ಕಾಯೋ ಧ್ವನಿ ಅದು... ನನಗೆ ಗೊತ್ತಾಗದೆ ಇರುತ್ತಾ?”

ಹೇಳಿದ ಮೇಲೆ ಅವಳ ಕಣ್ಣು ಗುಂಡಿಯ ಮೇಲೆ ಬಿತ್ತು. ಮೈಕು ಇನ್ನೂ ಆನ್ ಇತ್ತು.

ಯಾರೂ ನಗಲಿಲ್ಲ. ದೊಡ್ಡಕ್ಕ ಕಣ್ಣೊರೆಸಿಕೊಂಡು ಅವಳನ್ನು ಗಾಜಿನ ಆಚೆಯಿಂದ ಸುಮ್ಮನೆ ನೋಡಿದಳು. ಆಮೇಲೆ ಒಳಗೆ ಬಂದು, ಮೈಕಿನ ಗುಂಡಿಯನ್ನು ತಾನೇ ಆರಿಸಿದಳು.

“ಸಾಕು ಮಗಳೇ,” ಎಂದಳು. ಆ ಲಾಂಡ್ರಿಯಲ್ಲಿ ಅವಳನ್ನು ಮೇಡಂ ಎನ್ನದೆ ಕರೆದದ್ದು ಅದೇ ಮೊದಲ ಸಲ.

ಮ್ಯಾನೇಜರಿಗೆ ಹೇಳಲು ಇನ್ನೇನೂ ಉಳಿದಿರಲಿಲ್ಲ. ಎಲ್ಲರೂ ಕೇಳಿಸಿಕೊಂಡಾಗಿತ್ತು. ಮಾಲೀಕರು ಅವಳನ್ನು ಕರೆಸಿ ಬಹಳ ಬೈದರು. ಆಮೇಲೆ, “ಮತ್ತೆ ಹೀಗಾಗದೆ ಇರೋಕೆ ಏನು ಬೇಕು?” ಎಂದು ಕೇಳಿದರು.

ಏನು ಬೇಕೆಂದು ಅವಳಿಗೆ ಗೊತ್ತಿತ್ತು.

*

ಅವನು ಮರಳಿ ಬಂದ ಬೆಳಿಗ್ಗೆ ಬಿಸಿಲು ಮೇಲಿನ ಕಿಟಕಿಗಳಿಂದ ಇಳಿದು ಹಬೆಯಲ್ಲಿ ನಿಂತಿತ್ತು. ಎಲ್ಲರೂ ಅವನ ಬೆನ್ನು ತಟ್ಟಿದರು. ಆಮೇಲೆ ದೊಡ್ಡಕ್ಕ ಎಲ್ಲರನ್ನೂ ಒಂದೊಂದು ನೆಪ ಹೇಳಿ ಆಚೆ ಓಡಿಸಿದಳು.

ಮೂರನೇ ರೋಲರಿನ ಬಳಿ ಅವರಿಬ್ಬರೇ ಉಳಿದರು.

ಅವಳು ಅವನ ಮುಖ ನೋಡದೆ, ಕಂಠಪಾಠ ಒಪ್ಪಿಸುವಂತೆ ಹೇಳತೊಡಗಿದಳು.

“ರೋಲರ್ ಹಿಂದೆ ಒಂದು ಕೆಂಪು ದೀಪ ಹಾಕಿಸಿದ್ದೀವಿ. ಶುರು ಮಾಡೋ ಮುಂಚೆ ಅದು ತಿರುಗುತ್ತೆ, ಕಿವಿ ಮುಚ್ಚಿದ್ರೂ ಕಾಣುತ್ತೆ. ಒಬ್ಬರ ಪರವಾಗಿ ಇನ್ನೊಬ್ಬರು ಕೂಗೋ ಹಾಗಿಲ್ಲ. ನಾನೇ ಹಿಂದೆ ಬಂದು ಮುಖ ನೋಡಿ ಹೋಗ್ತೀನಿ. ಮತ್ತೆ... ಕೊಕ್ಕೆ ತೆಗೆಸಿದೆ. ಇದು ಬೀಗ.”

ಸ್ವಿಚ್ಚಿನ ಮೇಲೆ ಹಾಕುವ ಕೆಂಪು ಬೀಗ. ಅದರ ಜೊತೆ ಒಂದೇ ಒಂದು ಕೀಲಿ.

“ಬೀಗ ಎಲ್ಲರಿಗೂ ಕಾಣುತ್ತೆ. ಕೀ ನಿಮ್ಮ ಜೇಬಲ್ಲಿರುತ್ತೆ. ನೀವು ಅವತ್ತು ಹೇಳಿದ್ದೂ ಅರ್ಧ ಸರಿ ಇತ್ತು. ನಾನು ಅದನ್ನ ಕೇಳಿಸ್ಕೊಳ್ಳಲೇ ಇಲ್ಲ.”

ಅವನು ಎಡಗೈ ಚಾಚಿ ಕೀಲಿ ತೆಗೆದುಕೊಂಡ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಬಂದಾಗಿನಿಂದ ಅಲ್ಲೇ ಇತ್ತು.

ಅವಳಿಗೆ ಆಗ ಅದು ಕಂಡಿತು.

“ಆಸ್ಪತ್ರೆಗೆ ಬಂದಿದ್ರಿ,” ಎಂದ ಅವನು ಮೆಲ್ಲಗೆ. “ಬಾಗಿಲಿಂದಲೇ ವಾಪಸ್ ಹೋದ್ರಿ. ಕೈ ನೋಡಿ ಅಸಹ್ಯ ಆಯ್ತೇನೋ ಅಂದ್ಕೊಂಡೆ.”

“ಅಯ್ಯೋ, ಇಲ್ಲ! ನಿಮ್ಮ ಮುಖ ನೋಡೋಕೆ ನನಗೆ ಧೈರ್ಯ ಇರಲಿಲ್ಲ. ನನ್ನಿಂದಲೇ ಆಗಿದ್ದು ಅಂತ...”

“ಆಮೇಲೆ ದೊಡ್ಡಕ್ಕ ಬಂದು ಹೇಳಿದ್ರು. ಮೈಕಲ್ಲಿ ನೀವು ಹೇಳಿದ್ದು.” ಅವನು ಎಡಗೈಯಲ್ಲಿ ಕೀಲಿಯನ್ನು ತಿರುಗಿಸಿದ. “ಒಂದೇ ಮಾತನ್ನ ನಾಲ್ಕು ಸಲ ಹೇಳಿಸ್ಕೊಂಡೆ. ಬಲಗಿವಿ ಮಂದ ಅಂತ ನೆಪ ಹೇಳಿ.”

ಅವಳ ಕಣ್ಣು ತುಂಬಿ ಬಂತು. ನಗುವೂ ಬಂತು. ಆಮೇಲೆ ಅವಳು ಕಣ್ಣೊರೆಸಿಕೊಂಡಳು. ಅಪ್ಪನನ್ನು ಎಂದೂ ಕೇಳಲಾಗದೆ ಉಳಿದ ಪ್ರಶ್ನೆಯನ್ನು ಈಗ ಕೇಳಿದಳು. ಈ ಸಲ ಕೂಗಲಿಲ್ಲ.

“ನಿಮ್ಮ ಕೈ ಎಲ್ಲಿದೆ?”

“ಜೇಬಲ್ಲಿ.”

“ತೆಗೀರಿ.”

“ಬೇಡ ಮೇಡಂ. ನೋಡೋಕೆ ಚೆನ್ನಾಗಿಲ್ಲ.”

“ಚೆನ್ನಾಗಿದೆಯಾ ಅಂತ ಕೇಳಲಿಲ್ಲ. ಎಲ್ಲಿದೆ ಅಂತ ಕೇಳಿದೆ. ಇವತ್ತೊಂದೇ ದಿನ ಅಲ್ಲ... ಸಂಜೆ ಬೀಗ ತೆಗೆದು ಮನೆ ಒಳಗೆ ಬಂದ್ಮೇಲೂ ಕೇಳ್ತೀನಿ. ದಿನಾ ಕೇಳ್ತೀನಿ. ಉತ್ತರ ಕೊಡ್ತೀರಾ?”

ಅವನು ಅವಳನ್ನೇ ನೋಡುತ್ತಾ ನಿಂತ. ಆಮೇಲೆ, ತೀರಾ ನಿಧಾನವಾಗಿ, ಜೇಬಿನಿಂದ ಕೈ ತೆಗೆದ.

ಎರಡು ಬೆರಳು ಗಿಡ್ಡ. ತುದಿಯ ಚರ್ಮ ಇನ್ನೂ ಎಳೆಯದು, ಕೆಂಪಗೆ.

ಅವಳು ತನ್ನ ಕೈಗವಸು ಕಳಚಿದಳು. ಆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ, ನೋಯದಂತೆ, ಹಿಡಿದುಕೊಂಡಳು.

“ಈಗ ಹೇಳಿ.”

ಅವನ ಧ್ವನಿ ಎಂದಿನಂತೆ ಒರಟಾಗಿರಲಿಲ್ಲ.

“ಫಿಟ್ಟರ್ ಕೈ... ಹೊರಗೆ.”